ಚಹಾಕ್ಕೂ ಡಿಗ್ರಿ ಐತಿ. ಕುಡಿಯೋರು ನಾವು, ಕಲಿಯೋರು ಯಾರು?

ಚಹಾದಾಗ ಎಂ.ಎಸ್ಸಿ. ಮಾಡಬಹುದು ಅಂತ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಹೇಳಿ ನೋಡ್ರಿ. ನಾಲ್ಕು ಮಂದಿ ನಗುತ್ತಾರೆ. ಐದನೆಯವರು ‘ಹಂಗಾದ್ರ ನಮ್ಮ ಚಾದಂಗಡಿಯವರು ಇಷ್ಟೊತ್ತಿಗೆ ಪ್ರೊಫೆಸರ್ ಆಗಬೇಕಾಗಿತ್ತಲ್ರೀ’ ಅನ್ನುತ್ತಾರೆ. ನಗಲಿ, ಅಡ್ಡಿಯಿಲ್ಲ. ಸುದ್ದಿ ಮಾತ್ರ ಖರೇ.

ಅಸ್ಸಾಮಿನ ಜೋರಹಾಟದಲ್ಲಿ 1969ರಲ್ಲಿ ಸ್ಥಾಪನೆಯಾದ ಅಸ್ಸಾಂ ಕೃಷಿ ವಿಶ್ವವಿದ್ಯಾಲಯದಲ್ಲಿ ಚಹಾ ಬೇಸಾಯ ಮತ್ತು ಚಹಾ ತಂತ್ರಜ್ಞಾನಕ್ಕೇ ಒಂದು ಪ್ರತ್ಯೇಕ ವಿಭಾಗವಿದೆ. ಬಿ.ಎಸ್ಸಿ. ಕೃಷಿ ಮುಗಿಸಿದವರು ಅಲ್ಲಿ ಇದೇ ವಿಷಯದಾಗ ಎಂ.ಎಸ್ಸಿ. ಮಾಡುತ್ತಾರೆ. ಪಶ್ಚಿಮ ಬಂಗಾಳದ ಸಿಲಿಗುರಿ ಹತ್ತಿರ ಇರುವ ಉತ್ತರ ಬಂಗಾಳ ವಿಶ್ವವಿದ್ಯಾಲಯದಲ್ಲಿ ‘ಟೀ ಸೈನ್ಸ್’ ಅನ್ನುವ ವಿಭಾಗವೇ ಇದೆ. ಚೀನಾದವರು ನಮಗಿಂತ ಮುಂದೆ. 1940ರಲ್ಲಿ, ಜಪಾನಿನ ಕೂಡ ಯುದ್ಧ ನಡೆದಾಗ, ಊರು ಬಿಟ್ಟು ಚೋಂಗ್‌ಚಿಂಗ್‌ನಲ್ಲಿ ನೆಲೆ ಕಂಡಿದ್ದ ಫುದಾನ್ ವಿಶ್ವವಿದ್ಯಾಲಯದವರು ಆ ಗದ್ದಲದೊಳಗೇ ಚಹಾ ವಿಭಾಗ ತೆರೆದರು.

ಇದೆಲ್ಲ ಅತ್ತ ಆಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಂದಿಗೆ ಇದರಿಂದ ಏನು? ಎರಡು ಸಂಗತಿ ಐತಿ. ಒಂದು, ಪಿಯುಸಿ ವಿಜ್ಞಾನ ಮುಗಿಸಿ ಮುಂದೇನು ಅಂತ ಕುಂತ ನಮ್ಮ ಹುಡುಗ ಹುಡುಗಿಯರದು. ಇನ್ನೊಂದು, ದಿನಾ ನಾವು ಬಾಯಿಗೆ ಇಡುವ ಲೋಟದ್ದು. ಎರಡನ್ನೂ ಒಂದೊಂದಾಗಿ ನೋಡೋಣ.

ಕಲಿಯೂದು ಏನೈತಿ?

ನೀರು, ಹಾಲು, ಸಕ್ಕರೆ, ಪುಡಿ. ಕುದಿಸಿದರ ಚಾ. ಇದರಾಗ ಐದಾರು ವರ್ಷ ಕಲಿಯೂದು ಏನೈತಿ ಅನ್ನುವ ಪ್ರಶ್ನೆ ಸಹಜ.

ಗಿಡದಿಂದ ಸುರು ಮಾಡೋಣ. ಚಹಾ ಗಿಡಕ್ಕೆ ಹುಳಿ ಮಣ್ಣು ಬೇಕು, ನಿಂತ ನೀರು ಆಗದು, ಮಳೆ ಮಾತ್ರ ವರ್ಷದ ಬಹಳ ತಿಂಗಳು ಬೀಳಬೇಕು. ಬಿಟ್ಟರೆ ಮರವಾಗಿ ಬೆಳೆಯುವ ಗಿಡವನ್ನು ಸವರಿ ಸವರಿ ನಡುಮಟ್ಟಕ್ಕೆ ಇಟ್ಟಿರುತ್ತಾರೆ. ತುದಿಯ ಎರಡು ಎಲೆ, ಒಂದು ಮೊಗ್ಗು, ಇಷ್ಟನ್ನೇ ಕೀಳಬೇಕು. ಕೀಳುವವರು ಬಹುಪಾಲು ಹೆಣ್ಣುಮಕ್ಕಳು. ನಾಲ್ಕು ಕಿಲೋಕ್ಕಿಂತ ಹೆಚ್ಚು ಹಸಿ ಎಲೆ ತಂದರೆ ಒಂದು ಕಿಲೋ ಪುಡಿ.

ಕಿತ್ತ ಎಲೆಯನ್ನು ಬಾಡಿಸಬೇಕು, ಆಮೇಲೆ ಜಜ್ಜಬೇಕು. ಜಜ್ಜಿದ ಎಲೆ ಗಾಳಿಗೆ ಬಿದ್ದ ಕೂಡಲೆ ಹಸಿರು ಹೋಗಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ. ಈ ಹೊತ್ತಿನಾಗ ಎಲೆಯೊಳಗೆ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಪದಾರ್ಥ ಹುಟ್ಟುತ್ತವೆ. ಮೊದಲನೆಯದು ಚಹಾಕ್ಕೆ ಹೊಳಪು ಕೊಟ್ಟರೆ ಎರಡನೆಯದು ಬಣ್ಣ ಮತ್ತು ಖಡಕ್‌ತನ ಕೊಡುತ್ತದೆ. ಸರಿಯಾದ ಹೊತ್ತಿಗೆ ಬಿಸಿ ಗಾಳಿ ಹಾಯಿಸಿ ಇದನ್ನು ನಿಲ್ಲಿಸದಿದ್ದರೆ ಇಡೀ ಮಾಲು ಕೆಡುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನುವುದೇ ವಿದ್ಯೆ.

ನಮ್ಮ ಕಡೆ ಅಂಗಡಿಗಳಲ್ಲಿ ಕುದಿಯುವುದು ಹೆಚ್ಚಾಗಿ ಸಿ.ಟಿ.ಸಿ. ಪುಡಿ. ಎಲೆಯನ್ನು ಜಜ್ಜಿ, ಹರಿದು, ಗುಂಡಗೆ ಸುತ್ತುವ ಯಂತ್ರದಿಂದ ಬಂದದ್ದು. 1930ರಲ್ಲಿ ವಿಲಿಯಂ ಮೆಕರ್ಚರ್ ಎಂಬ ತೋಟದ ಅಧಿಕಾರಿ ಅಸ್ಸಾಮಿನ ಅಂಗೂರಿ ತೋಟದಲ್ಲಿ ಈ ಯಂತ್ರ ಮಾಡಿದ. ಸ್ವಲ್ಪ ಪುಡಿಗೆ ಹೆಚ್ಚು ಲೋಟ ಇಳಿಯುವುದು, ಹಾಲು ಸುರಿದರೂ ಬಣ್ಣ ನಿಲ್ಲುವುದು ಈ ಯಂತ್ರದಿಂದ. ಅಂದರೆ ಒಬ್ಬ ಬಡವ ಕಡಿಮೆ ರೊಕ್ಕದಾಗ ಖಡಕ್ ಚಾ ಕುಡಿಯುವುದರ ಹಿಂದೆ ಒಂದು ವರ್ಕಶಾಪಿನ ವಿದ್ಯೆ ಐತಿ. ಮತ್ತೊಂದು ಮಾತು: ‘ಡಸ್ಟ್’ ಅಂದರೆ ಕಾರ್ಖಾನೆಯ ಕಸ ಗುಡಿಸಿದ್ದು ಅಂತ ತಿಳಿದವರು ಬಹಳ. ಹಾಗಲ್ಲ. ಜರಡಿ ಹಿಡಿದಾಗ ಎಲ್ಲಕ್ಕಿಂತ ಸಣ್ಣಾಗಿ ಬೀಳುವ ಕಾಳಿಗೆ ಆ ಹೆಸರು. ಒಳ್ಳೆಯ ಎಲೆಯ ಡಸ್ಟು ಒಳ್ಳೆಯದೇ.

ಇನ್ನು ರುಚಿ ನೋಡುವವರು, ಟೀ ಟೇಸ್ಟರ್‌ಗಳು. ದಿನಕ್ಕೆ ನೂರಾರು ಕಪ್ಪು ಬಾಯಿಗೆ ಹಾಕಿ, ನುಂಗದೆ ಉಗುಳಿ, ಮಾಲಿನ ಯೋಗ್ಯತೆ ಹೇಳುವವರು. ಅವರ ಮಾತಿನ ಮೇಲೆ ಹರಾಜಿನ ದರ ಏರುತ್ತದೆ, ಇಳಿಯುತ್ತದೆ. ಕೋಲ್ಕತಾದಲ್ಲಿ 1861ರಿಂದ, ಗುವಾಹಟಿಯಲ್ಲಿ 1970ರಿಂದ ಚಹಾ ಹರಾಜು ನಡೆದಿದೆ. ರುಚಿ ನೋಡಲು ಚಹಾ ಹೇಗೆ ಮಾಡಬೇಕು ಅನ್ನುವುದಕ್ಕೂ ಅಂತರರಾಷ್ಟ್ರೀಯ ನಿಯಮವಿದೆ. 1980ರ ಐ.ಎಸ್.ಓ. 3103: ನೂರು ಮಿಲಿ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ಮಿನಿಟು. ಟೇಸ್ಟರ್ ಚಮಚೆಯಿಂದ ಜೋರಾಗಿ ‘ಸುರ್ರ್’ ಅಂತ ಎಳೆಯುತ್ತಾನೆ, ವಾಸನೆ ಮೂಗಿಗೆ ಹತ್ತಲಿ ಅಂತ. ಬಸಿಯಲ್ಲಿ ಸುರುವಿಕೊಂಡು ಸೊರ್ ಸೊರ್ ಅಂತ ಕುಡಿಯುವ ನಮ್ಮ ಹಿರಿಯರನ್ನು ನೋಡಿ ನಗುವ ಶಹರದವರಿಗೆ ಇದನ್ನು ತಿಳಿಸಬೇಕು.

ಜೋರಹಾಟ ಮತ್ತು ನಂದಗಡ

ಜೋರಹಾಟ ನಮಗೆ ಸುಮಾರು ಮೂರು ಸಾವಿರ ಕಿಲೋಮೀಟರ್ ದೂರ. ಆದರೆ ಚಹಾದ ಚರಿತ್ರೆ ಓದಿದರೆ ಅದು ನಮ್ಮ ಬಾಜೂ ಊರು ಅನಿಸುತ್ತದೆ.

1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನು ಅಸ್ಸಾಮಿನಲ್ಲಿ ಕಾಡು ಚಹಾ ಗಿಡದ ಸುದ್ದಿ ಹಿಡಿದ. ಅಲ್ಲಿನ ಸಿಂಗ್ಫೋ ಜನ ಅದನ್ನು ಮೊದಲಿನಿಂದಲೂ ಕುಡಿಯುತ್ತಿದ್ದರು. ಅವನಿಗೆ ದಾರಿ ತೋರಿಸಿದವರು ಮಣಿರಾಮ ದಿವಾನ. ಮರುವರ್ಷ, 1824ರ ಅಕ್ಟೋಬರ್ 23ರಂದು, ಇತ್ತ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಸೈನ್ಯ ಕಂಪನಿಯ ಸೈನ್ಯವನ್ನು ಬಡಿಯಿತು, ಕಲೆಕ್ಟರ್ ಥ್ಯಾಕರೆ ಸತ್ತ. ಅದೇ ಕಂಪನಿ. ಒಂದು ಕೈ ಅಲ್ಲಿ ಚಹಾ ಗಿಡದ ಮೇಲೆ, ಇನ್ನೊಂದು ಕೈ ಇಲ್ಲಿ ನಮ್ಮ ಕೋಟೆಯ ಮೇಲೆ.

ಮಣಿರಾಮರು ಮುಂದೆ ಅಸ್ಸಾಂ ಕಂಪನಿಯ ದಿವಾನರಾದರು, ಆಮೇಲೆ ಅದನ್ನು ಬಿಟ್ಟು ಸ್ವಂತ ತೋಟ ಹಾಕಿದರು. ಅದರಲ್ಲಿ ಒಂದು ಜೋರಹಾಟದ ಸಿನ್ನಮರಾ ತೋಟ. 1857ರ ಬಂಡಾಯದಲ್ಲಿ ಕೈಗೂಡಿಸಿದರು ಎಂದು 1858ರ ಫೆಬ್ರವರಿ 26ರಂದು ಜೋರಹಾಟದ ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ನಮ್ಮ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ನೇಣಿಗೆ ಹಾಕಿದ್ದು 1831ರ ಜನವರಿ 26ರಂದು. ಚನ್ನಮ್ಮ ಅದಕ್ಕೂ ಮೊದಲೇ, 1829ರಲ್ಲಿ, ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಿದ್ದಳು. ಸಮಾಧಿ ನಮ್ಮ ಕಣ್ಣ ಮುಂದೈತಿ.

ಆ ಮಣ್ಣಿನಲ್ಲಿ ಬೆಳೆದ ವಿದ್ಯೆಯೂ ಸುಮ್ಮನೆ ಬಂದದ್ದಲ್ಲ. 1911ರಲ್ಲಿ ಜೋರಹಾಟದ ಟೊಕ್ಲಾಯಿಯಲ್ಲಿ ಚಹಾ ಪ್ರಯೋಗ ಕೇಂದ್ರ ಸುರುವಾಯಿತು. ತೋಟದ ಮಾಲೀಕರೇ ರೊಕ್ಕ ಹಾಕಿದರು. ಹುಳ ಯಾಕೆ ಬಿತ್ತು, ಎಲೆ ಯಾಕೆ ಕಡಿಮೆಯಾಯಿತು, ಯಾವ ಗಿಡದ ತುಂಡು ನೆಟ್ಟರೆ ಚಲೋ ಅಂತ ನೋಡುತ್ತ ಕುಂತರು. ಅರ್ಧ ಶತಮಾನದ ಮೇಲೆ ಅದೇ ಊರಿಗೆ ಕೃಷಿ ವಿಶ್ವವಿದ್ಯಾಲಯ ಬಂತು. ಮೊದಲು ಬೆಳೆ, ಆಮೇಲೆ ಬೆಳೆಯ ಚಿಂತೆ, ಆಮೇಲೆ ಡಿಗ್ರಿ. ಈ ಸಾಲು ನೆನಪಿಡ್ರಿ, ಮುಂದೆ ಬೇಕಾಗತೈತಿ.

ನಮ್ಮ ಎರಿಯಾಗ ಯಾಕ ಬರೂದಿಲ್ಲ?

ಕರ್ನಾಟಕದಲ್ಲಿ ಚಹಾ ಇಲ್ಲವೇ ಇಲ್ಲ ಎಂದಲ್ಲ. ಚಿಕ್ಕಮಗಳೂರು, ಹಾಸನ, ಕೊಡಗಿನಲ್ಲಿ ಸ್ವಲ್ಪ ತೋಟಗಳಿವೆ. ಕಾಫಿಯ ಮುಂದೆ ಅದು ಬಲು ಸಣ್ಣದು. ದಕ್ಷಿಣದ ದೊಡ್ಡ ಚಹಾ ಸೀಮೆ ನೀಲಗಿರಿ, ವಾಲ್ಪಾರೈ, ಮುನ್ನಾರ್. ವಾಲ್ಪಾರೈಯಲ್ಲಿ ದಕ್ಷಿಣದ ತೋಟಗಾರರ ಸಂಘದ ಸಂಶೋಧನಾ ಕೇಂದ್ರವಿದೆ. ಆ ಸಂಘ 1893ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ನಮ್ಮ ಎರಿ ಭೂಮಿ ಚಹಾಕ್ಕೆ ಒಗ್ಗದು. ಚಹಾ ಕೇಳುವುದು ಹುಳಿ ಮಣ್ಣು, ನಮ್ಮದು ಸುಣ್ಣದ ಗುಣದ ಮಣ್ಣು. ವರ್ಷಕ್ಕೆ ಒಂದೂವರೆ ಸಾವಿರ ಮಿಲಿಮೀಟರ್ ಮಳೆ ಬೇಡುವ ಗಿಡ ಅದು. ಸವದತ್ತಿ, ರಾಮದುರ್ಗದ ಕಡೆ ಅದರ ಅರ್ಧವೂ ಬೀಳುವುದಿಲ್ಲ. ಯಾರಾದರೂ ಬಂದು ‘ನಿಮ್ಮ ಹೊಲದಾಗ ಚಹಾ ಹಚ್ಚಿಸಿ ಕೊಡತೀವಿ’ ಅಂದರೆ ಚಾ ಕುಡಿಸಿ ಕಳಿಸ್ರಿ, ಸಹಿ ಮಾತ್ರ ಮಾಡಬ್ಯಾಡ್ರಿ.

ಬೆಳೆಯದಿದ್ದರೂ ಕುಡಿಯುವುದರಲ್ಲಿ ನಾವು ಹಿಂದಿಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಕಿಲೋ ಚಹಾ ಆಗುತ್ತದೆ. ಐದರಲ್ಲಿ ನಾಲ್ಕು ಪಾಲು ದೇಶದೊಳಗೇ ಖರ್ಚು. ತಲೆಗೆ 800 ಗ್ರಾಂ ಹಿಡಿದು, ಕಪ್ಪಿಗೆ 2 ಗ್ರಾಂ ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ 400 ಕಪ್ಪು. ಇದು ಕೂಸು ಕುನ್ನಿ ಎಲ್ಲ ಸೇರಿಸಿದ ಸರಾಸರಿ. ಕಿತ್ತೂರಿನ ಹೆದ್ದಾರಿ ಬದಿಗೆ ರಾತ್ರಿ ಲಾರಿ ನಿಲ್ಲಿಸುವ ಡ್ರೈವರ್, ರಾಮದುರ್ಗದ ಮಗ್ಗದ ಮುಂದೆ ಕುಂತ ನೇಕಾರ, ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ ಹತ್ತಿದ ಭಕ್ತ, ಇವರ ಲೆಕ್ಕ ಬೇರೆಯೇ.

ಲೋಟದಾಗ ಏನೈತಿ?

ಈಗ ಲೋಟದ ಸಂಗತಿಗೆ ಬರೋಣ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಉತ್ತರ ಕರ್ನಾಟಕದ ಜಿಲ್ಲೆಗಳೂ ಸೇರಿದಂತೆ ಚಹಾ ಪುಡಿಯ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದ ಸುದ್ದಿ ಬಂದಿತ್ತು. ಚಹಾ ಪುಡಿಗೆ ಬಣ್ಣ ಬೆರೆಸುವುದು ಕಾನೂನಿಗೆ ವಿರುದ್ಧ. ಆದರೂ ಬೆರೆಸುವವರಿದ್ದಾರೆ. ಒಮ್ಮೆ ಕುದಿಸಿ ಎಸೆದ ಚರಟ ಒಣಗಿಸಿ, ಬಣ್ಣ ಹಚ್ಚಿ, ಮತ್ತೆ ಪುಡಿ ಮಾಡುವವರೂ ಇದ್ದಾರೆ. ಕಡಿಮೆ ದರದ ಬಿಡಿ ಪುಡಿ ಯಾರ ಕೈಗೆ ಹೋಗುತ್ತದೆ? ಸಣ್ಣ ಅಂಗಡಿಯವರ ಕೈಗೆ, ಕೂಲಿಕಾರರ ಮನೆಗೆ.

ಇದನ್ನು ಮನೆಯಾಗೇ ಪರೀಕ್ಷೆ ಮಾಡಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದವರೇ ಹೇಳಿಕೊಟ್ಟ ವಿಧಾನ ಇದು. ನೀರು ಹೀರುವ ಬಿಳಿ ಕಾಗದದ ಮೇಲೆ ಸ್ವಲ್ಪ ಪುಡಿ ಹರವ್ರಿ. ತಣ್ಣೀರು ಚಿಮುಕಿಸಿ ಕಾಗದ ನೆನೆಸ್ರಿ. ಆಮೇಲೆ ಪುಡಿ ಜಾಡಿಸಿ, ಕಾಗದವನ್ನು ನಲ್ಲಿ ಕೆಳಗೆ ತೊಳೆದು, ಬೆಳಕಿಗೆ ಹಿಡಿದು ನೋಡ್ರಿ. ಒಳ್ಳೆಯ ಪುಡಿಯ ಕಲೆ ಕಾಣುವಷ್ಟಿರುವುದಿಲ್ಲ. ಬಣ್ಣ ಬೆರೆತಿದ್ದರೆ ಕಪ್ಪು ಕಂದು ಕಲೆ ಎದ್ದು ಕಾಣುತ್ತದೆ. ಕಬ್ಬಿಣದ ಚೂರಿನ ಸಂಶಯವಿದ್ದರೆ ಪುಡಿಯ ಮೇಲೆ ಒಂದು ಅಯಸ್ಕಾಂತ ಆಡಿಸ್ರಿ. ಪೊಟ್ಟಣದ ಮೇಲೆ 14 ಅಂಕಿಯ ಆಹಾರ ಲೈಸೆನ್ಸ್ ನಂಬರು ಐತೋ ಇಲ್ಲೋ ನೋಡ್ರಿ. ಕಲೆ ಕಂಡರೆ ಅಂಗಡಿಯವರ ಮೇಲೆ ಹರಿಹಾಯಬ್ಯಾಡ್ರಿ, ಅವರೂ ಮೋಸ ಹೋಗಿರಬಹುದು. ಮಾದರಿ ಇಟ್ಟುಕೊಂಡು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡ್ರಿ.

ಮನೆಯ ತಾಯಂದಿರಿಗೆ ಇನ್ನೊಂದು ಮಾತು. ಊಟದ ಜೋಡಿ ಚಾ ಕುಡಿದರೆ ರೊಟ್ಟಿ, ಪಲ್ಯದೊಳಗಿನ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು, ಬಸುರಿಯರು ಊಟಕ್ಕೂ ಚಾಕ್ಕೂ ಒಂದು ತಾಸು ಅಂತರ ಇಡುವುದು ಒಳ್ಳೆಯದು. ಇದೂ ಚಹಾ ಶಾಸ್ತ್ರವೇ. ಕಲಿತವರು ನಮ್ಮೂರಾಗ ಒಬ್ಬರಿದ್ದರೂ ಈ ಮಾತು ಪತ್ರಿಕೆಯಾಗ ಬರೆಯುವ ಹೊತ್ತು ಬರುತ್ತಿರಲಿಲ್ಲ.

ಹತ್ತಿ ಕಲಿಸಿದ ಪಾಠ

ಒಂದು ಬೆಳೆಯ ಮೇಲೆ ಓದುವುದು ಹುಚ್ಚಾಟ ಅನ್ನುವವರು ನಮ್ಮದೇ ಹತ್ತಿಯನ್ನು ನೆನೆಯಬೇಕು. ಬೈಲಹೊಂಗಲದ ಪೇಟೆ ಎದ್ದು ನಿಂತದ್ದೇ ಹತ್ತಿಯ ಮೇಲೆ. ಅಜ್ಜನ ಕಾಲದ ಜಯಧರ ಹತ್ತಿ ಹೊಲದಾಗ ಇದ್ದಾಗ, ಹತ್ತಿ ಬೆಳೆಯೂದರಾಗ ಓದೂದು ಏನೈತಿ ಅಂತ ಕೇಳಬಹುದಾಗಿತ್ತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ತಳಿ ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್ ಅದು. ರೈತರ ಹೊಲಕ್ಕೆ ಬಂದ ಅಂಥ ತಳಿಗಳಲ್ಲಿ ಮೊದಲನೆಯದು. ಉದ್ದ ಎಳೆಯ ನಯ ಹತ್ತಿ ನಮ್ಮ ಸೀಮೆಯಲ್ಲೇ ಬೆಳೆಯತೊಡಗಿತು. ಪ್ರಯೋಗದ ತಾಕಿನಾಗ ಹೂವಿನ ಕೇಸರ ಕಿತ್ತು, ಬೇರೆ ಗಿಡದ ಪರಾಗ ಹಚ್ಚಿ ವರ್ಷಗಟ್ಟಲೆ ಲೆಕ್ಕ ಬರೆದವರ ಓದಿನಿಂದ ಬಂದ ಲಕ್ಷ್ಮಿ ಅದು. ಆಮೇಲೆ ಹುಳ ಬಂತು, ಔಷಧದ ಸಾಲ ಬಂತು, ಅದು ಬೇರೆ ಕಥೆ. ಅದನ್ನು ಬಗೆಹರಿಸುವುದಕ್ಕೂ ಓದಿದವರೇ ಬೇಕಾದರು.

ಈಗ ಲೋಟದೊಳಗಿನ ಉಳಿದ ಸಾಮಾನು ನೋಡ್ರಿ. ಪುಡಿಯೊಂದು ಹೊರಗಿನದು, ಉಳಿದದ್ದು ನಮ್ಮದೇ. ಸಕ್ಕರೆ, ಬೆಲ್ಲ ನಮ್ಮ ಕಬ್ಬಿನದು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಗೆ ಕಬ್ಬು ಹಾಕಿದವರ ಮನೆ ನಮ್ಮ ಊರೂರಲ್ಲಿ ಇವೆ. ಆದರೆ ಸಕ್ಕರೆಯೂ ಒಂದು ಓದುವ ವಿಷಯ, ಅದಕ್ಕೆ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ ಎಂದು ಎಷ್ಟು ಮನೆಯವರಿಗೆ ಗೊತ್ತು? ಕಬ್ಬಿನ ಸಂಶೋಧನಾ ಕೇಂದ್ರ ಸಂಕೇಶ್ವರದಲ್ಲಿದೆ. ಹಾಲು ನಮ್ಮ ಎಮ್ಮೆಯದು. ಹಾಲಿನ ತಂತ್ರಜ್ಞಾನಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ, ಕಲಬುರಗಿ ಜಿಲ್ಲೆಯ ಮಹಾಗಾಂವದಲ್ಲಿ ಕಾಲೇಜುಗಳಿವೆ. ಕಬ್ಬು ಹಾಕಿ ಬಿಲ್ಲಿಗೆ ಕಾಯುವ ಅಪ್ಪನ ಮಗ, ಅದೇ ಕಾರ್ಖಾನೆಯಲ್ಲಿ ರಸದ ಪರೀಕ್ಷೆ ಮಾಡುವ ಕೆಮಿಸ್ಟ್ ಆಗಬಹುದು. ತೂಕದ ಕಟ್ಟೆಯಿಂದ ಪ್ರಯೋಗಶಾಲೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಇಡಲು ನಮಗೆ ಇಷ್ಟು ವರ್ಷ ಬೇಕಾದವು.

ಹೋಗೋರು ಹ್ಯಾಂಗ ಹೋಗಬೇಕು?

ಪಿಯುಸಿ ಅರ್ಧಕ್ಕೆ ಬಿಟ್ಟು ಪೇಪರ್ ಕೆಲಸಕ್ಕೆ ಬಂದ ಈ ವರದಿಗಾರ, ಓದುವ ಹುಡುಗರಿಗೆ ಉಪದೇಶ ಮಾಡುವುದಿಲ್ಲ. ದಾರಿ ಮಾತ್ರ ಹೇಳುತ್ತೇನೆ.

ಪಿಯುಸಿಯಲ್ಲಿ ವಿಜ್ಞಾನ ಬೇಕು, ಜೀವಶಾಸ್ತ್ರ ಇರಬೇಕು. ಆಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ. ನಮಗೆ ಹತ್ತಿರದ್ದು ಧಾರವಾಡ. ಅಲ್ಲಿ ಕೃಷಿ ಕಾಲೇಜು 1947ರಿಂದ, ಕೃಷಿ ವಿಶ್ವವಿದ್ಯಾಲಯ 1986ರಿಂದ ಇದೆ. ರೈತರ ಮಕ್ಕಳಿಗೆ ಸೀಟಿನಲ್ಲಿ ಮೀಸಲು ಉಂಟು. ಅದಾದ ಮೇಲೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆದು ಬೇರೆ ರಾಜ್ಯದ ಕೃಷಿ ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ.ಗೆ ಹೋಗಬಹುದು. ಬಿ.ಎಸ್ಸಿ. ಮುಗಿಸಿದವರು ಉತ್ತರ ಬಂಗಾಳದ ದಾರಿಯನ್ನೂ ವಿಚಾರಿಸಬಹುದು. ವ್ಯವಹಾರದ ಕಡೆ ಮನಸ್ಸಿದ್ದವರಿಗೆ ಬೆಂಗಳೂರಿನಲ್ಲಿ 1993ರಲ್ಲಿ ಸುರುವಾದ ಭಾರತೀಯ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ.

ಮುಂದೆ ಕೆಲಸ? ತೋಟದ ಅಸಿಸ್ಟಂಟ್ ಮ್ಯಾನೇಜರ್, ಕಾರ್ಖಾನೆಯ ಅಧಿಕಾರಿ, ಹರಾಜು ಕಂಪನಿಯ ಟೇಸ್ಟರ್, ಚಹಾ ಮಂಡಳಿ, ಸಂಶೋಧನೆ, ಆಹಾರ ಪರೀಕ್ಷೆಯ ಲ್ಯಾಬು. ಈಗ ದೇಶದ ಚಹಾದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವವರು ಸಣ್ಣ ಬೆಳೆಗಾರರು. ನಮ್ಮ ಹಾಗೇ ಎರಡು ಮೂರು ಎಕರೆಯವರು. ಎಲೆ ಕಿತ್ತು ಕಾರ್ಖಾನೆಗೆ ಹಾಕಿ, ದರಕ್ಕೆ ಬಾಯಿ ಬಿಟ್ಟು ಕುಂತಿರುತ್ತಾರೆ. ಕಬ್ಬಿನ ರೈತರ ಮಗನಿಗೆ ಅವರ ಸಂಕಟ ಯಾರೂ ಕಲಿಸಿಕೊಡಬೇಕಾಗಿಲ್ಲ.

ಕಷ್ಟವನ್ನೂ ಹೇಳಬೇಕು. ನಮ್ಮ ಈ ನಾಲ್ಕೂ ಊರಿಗೆ ರೈಲು ನಿಲ್ದಾಣವೇ ಇಲ್ಲ, ಜೋರಹಾಟ ಹಗಲು ರಾತ್ರಿ ಕೂಡಿಸಿ ದಿನಗಟ್ಟಲೆಯ ಪ್ರಯಾಣ. ಭಾಷೆ ಬೇರೆ, ಊಟ ಬೇರೆ. ರೊಟ್ಟಿ ಮರೆತು ಅನ್ನ ಉಣ್ಣಬೇಕು. ತೋಟದ ಕೆಲಸ ಮಳೆಯಾಗ, ಜಿಗಳಿಯ ನಡುವೆ. ಬಿಳಿ ಕಾಲರಿನ ಆಸೆಗೆ ಹೋದವರು ತಿರುಗಿ ಬರುತ್ತಾರೆ. ಹಾಗೆಯೇ ‘ಒಂದೇ ತಿಂಗಳಿನಾಗ ಟೀ ಟೇಸ್ಟರ್ ಸರ್ಟಿಫಿಕೇಟು, ಕೆಲಸ ಗ್ಯಾರಂಟಿ’ ಅನ್ನುವ ಜಾಹೀರಾತಿಗೆ ಎಮ್ಮೆ ಮಾರಿ ರೊಕ್ಕ ಕಟ್ಟಬ್ಯಾಡ್ರಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಐತೋ ಇಲ್ಲೋ, ಕಲಿಸುವವರು ಯಾರು, ಹಿಂದಿನವರಿಗೆ ಎಲ್ಲಿ ಕೆಲಸ ಸಿಕ್ಕಿತು ಅಂತ ಮೂರು ಪ್ರಶ್ನೆ ಕೇಳಿದ ಮೇಲೇ ಗಂಟು ಬಿಚ್ಚಬೇಕು.

ಕೇಳುವವರು ಬೇಕು

ನಮ್ಮ ನಾಲ್ಕು ತಾಲೂಕಿನ ಪಿಯು ಕಾಲೇಜುಗಳ ಪ್ರಾಚಾರ್ಯರಿಗೆ ಒಂದು ವಿನಂತಿ. ಡಾಕ್ಟರು, ಇಂಜಿನಿಯರು, ಇಲ್ಲವಾದರೆ ಬಿ.ಎ., ಈ ಮೂರೇ ದಾರಿ ಹುಡುಗರ ಕಿವಿಗೆ ಬೀಳುತ್ತಿವೆ. ವರ್ಷಕ್ಕೆ ಒಂದು ದಿನ, ಪರೀಕ್ಷೆಗೆ ಮೊದಲು, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನು, ಸಕ್ಕರೆ ಸಂಸ್ಥೆಯವರನ್ನು, ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಸ್ರಿ. ಹತ್ತಿ, ಕಬ್ಬು, ಹಾಲು, ಜೋಳ, ಚಹಾ, ಇವೆಲ್ಲ ಓದುವ ವಿಷಯ ಎಂದು ಅವರ ಬಾಯಿಂದಲೇ ಹೇಳಿಸ್ರಿ. ಖರ್ಚು ಬಹಳ ಆಗೂದಿಲ್ಲ. ಬಂದವರಿಗೆ ಒಂದು ಕಪ್ ಚಾ ಸಾಕು.

ಅಸ್ಸಾಮಿನವರು ತಮ್ಮ ಎಲೆಯ ಮುಂದೆ ಕುಂತು, ಇದರಾಗ ತಿಳಿಯೂದು ಬಹಳ ಐತಿ ಅಂತ ಒಪ್ಪಿಕೊಂಡರು. ಅದಕ್ಕೇ ಮೂರು ಸಾವಿರ ಕಿಲೋಮೀಟರ್ ದೂರದ ನಾವು ದಿನಾ ಬೆಳಿಗ್ಗೆ ಅವರಿಗೆ ರೊಕ್ಕ ಕೊಟ್ಟು ಕಣ್ಣು ತೆರೆಯುತ್ತೇವೆ. ನಮ್ಮ ಹೊಲದಾಗಿನ ಬೆಳೆಯ ಮುಂದೆ ಹಾಗೆ ಕುಂದ್ರುವ ಹುಡುಗರು, ಹುಡುಗಿಯರು ನಮ್ಮಲ್ಲೂ ಇದ್ದಾರೆ. ಅವರಿಗೆ ದಾರಿ ಐತಿ ಅಂತ ಹೇಳುವವರು ಬೇಕು. ಈ ವಾರ ಚಾದಂಗಡಿಯಾಗ ಕುಂತಾಗ ಪಿಯುಸಿ ಓದುವ ಒಂದು ಹುಡುಗಿಗೋ ಹುಡುಗನಿಗೋ ಇಷ್ಟು ತಿಳಿಸ್ರಿ. ಚಾ ಆರೂದರೊಳಗ ಮುಗಿಯುವ ಮಾತು.